ಸಮ ಮಾಡದ ಪಟ್ಟಿ

ಮೊದಲನೆಯ ಕಲ್ಲು ಗಂಟೆಗೆ ಬಿತ್ತು.

ಎಸೆದವನು ಗುರಿಯಿಟ್ಟದ್ದು ಹೆಡ್ಮಾಸ್ತರ ಕೋಣೆಯ ಕಿಟಕಿಗೆ. ಬಿದ್ದದ್ದು ಜಗಲಿಯ ತೊಲೆಗೆ ತೂಗುಹಾಕಿದ್ದ ರೈಲು ಕಂಬಿಯ ತುಂಡಿಗೆ. ಠಣ್ ಎಂದಿತು. ಆ ಶಾಲೆಗೆ ಆ ಕಂಬಿಯೇ ಗಂಟೆ. ಒಂದು ಪೆಟ್ಟು ಬಿದ್ದರೆ ಒಂದು ಪಾಠ ಮುಗಿದಂತೆ. ಒಂದರ ಹಿಂದೆ ಒಂದು ಬಿದ್ದರೆ ಮನೆಗೆ ಬಿಟ್ಟಂತೆ. ಎರಡನೆಯ ಕಲ್ಲೂ ಮೂರನೆಯ ಕಲ್ಲೂ ಅದಕ್ಕೇ ಬಡಿದವು.

ಮಕ್ಕಳಿಗೆ ಅಷ್ಟು ಸಾಕಾಯಿತು. ಹತ್ತೂವರೆಗೇ ಶಾಲೆ ಬಿಟ್ಟರು ಎಂದು ಹೋ ಎಂದು ಕೂಗುತ್ತ, ಚೀಲ ಹೆಗಲಿಗೇರಿಸಿಕೊಂಡು, ಆರು, ಏಳು, ಎಂಟು ಮೂರೂ ತರಗತಿಗಳ ಬಾಗಿಲಿನಿಂದ ಅಂಗಳಕ್ಕೆ ಸುರಿದರು. ಕಲ್ಲುಗಳು ಅವರನ್ನು ಅಂಗಳದಲ್ಲೇ ಎದುರುಗೊಂಡವು.

ಗೆರೆಯಕ್ಕ ಆಗ ಜಗಲಿಯ ಮೂಲೆಯಲ್ಲಿ ಕುಡಿಯುವ ನೀರಿನ ಡ್ರಮ್ಮು ತುಂಬಿಸುತ್ತಿದ್ದಳು. ಗಂಟೆ ಹೊಡೆಯುವುದೂ ಅವಳದೇ ಕೆಲಸ. ಹಾಗಾಗಿ ಅವಳಿಗೆ ಮೊದಲು ಹೊಳೆದದ್ದು, ಅಯ್ಯೋ, ನಾನು ಹೊಡೆಯಲಿಲ್ಲವಲ್ಲ ಎಂಬ ಪೆದ್ದು ಮಾತು. ಆಮೇಲೆ ಕಾಂಪೌಂಡಿನ ಆಚೆ ತಲೆಗಳು ಕಂಡವು. ಗಂಟೆಯ ಸುತ್ತಿಗೆಯನ್ನು ಗೂಟದಿಂದ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳಕ್ಕೆ ಓಡಿದಳು. ಸುತ್ತಿಗೆ ಯಾಕೆ ತೆಗೆದುಕೊಂಡೆ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಇನ್ಯಾರಾದರೂ ಗಂಟೆ ಹೊಡೆದುಬಿಟ್ಟಾರು ಎಂದಿರಬೇಕು.

ಆರನೆಯ ತರಗತಿಯ ಪುಟ್ಟ ಹುಡುಗಿಯೊಂದು ಅಂಗಳದ ನಡುವೆ ನಿಂತಿತ್ತು. ಬಾಯಿಂದ ರಕ್ತ ಇಳಿದು ಸಮವಸ್ತ್ರದ ಕಾಲರು ನೆನೆದಿತ್ತು. ಅಂಗೈ ಚಾಚಿ, "ಅಕ್ಕಾ, ಇದನ್ನ ಎಲ್ಲಿಡ್ಲಿ?" ಎಂದು ಕೇಳಿತು. ಅಂಗೈಯಲ್ಲಿ ಎರಡು ಹಲ್ಲುಗಳಿದ್ದವು.

"ಜೇಬಲ್ಲಿ ಇಟ್ಕೊ," ಎಂದು ಗೆರೆಯಕ್ಕ ಅದನ್ನು ಕಂಕುಳಿಗೆ ಎತ್ತಿಕೊಂಡು ಓಡಿದಳು.

ಗಣಿತದ ಮೇಷ್ಟ್ರು ಡಸ್ಟರನ್ನು ಎತ್ತಿ ಹಿಡಿದುಕೊಂಡು ಗೇಟಿನ ಕಡೆ ನಡೆದರು. "ಮಕ್ಕಳಿದಾರ್ರೀ! ನಿಮ್ಮ ಮಕ್ಕಳೂ ಇದಾರೆ ಇಲ್ಲಿ, ಕಣ್ಣು ಕಾಣಲ್ವಾ?" ಮಾತು ಮುಗಿಯುವ ಮುಂಚೆ ಹಣೆ ಒಡೆಯಿತು. ಅವರು ಕೂತರು, ಬೀಳಲಿಲ್ಲ. ಕಪ್ಪುಹಲಗೆಯ ಮುಂದೆ ನಿಂತು ಸುಸ್ತಾದವರು ಕೂರುವ ಹಾಗೆ ಮೆಲ್ಲಗೆ ಕೂತು, ಡಸ್ಟರಿನಿಂದಲೇ ರಕ್ತ ಒರೆಸಿಕೊಂಡರು. ಮುಖ ಪೂರ್ತಿ ಸೀಮೆಸುಣ್ಣದ ಬಿಳಿಯೂ ರಕ್ತದ ಕೆಂಪೂ ಕಲೆಸಿ ಗುಲಾಬಿ ಬಣ್ಣವಾಯಿತು.

ಕಾಂಪೌಂಡಿನ ಆಚೆ ನಿಂತವರೆಲ್ಲ ಗೊತ್ತಿದ್ದ ಮುಖಗಳು. ಶಾಲೆಯ ಸಮವಸ್ತ್ರ ಹೊಲಿದುಕೊಡುವ ಟೈಲರು ಒಂದೊಂದೇ ಕಲ್ಲನ್ನು ಅಳತೆ ನೋಡಿ ಎಸೆಯುತ್ತಿದ್ದ. ಹಾಲಿನವನಿದ್ದ. ದಿನಸಿ ಮಂಡಿಯ ಯಜಮಾನ ಮಾತ್ರ ಏನೂ ಎಸೆಯದೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದ. ಮಾತಾಡುವಾಗ ತಲೆಯನ್ನು ಒಂದು ಕಡೆ ವಾಲಿಸುವ ಅವನನ್ನು ಊರೆಲ್ಲ ತಕ್ಕಡಿ ಎನ್ನುತ್ತಿತ್ತು. ಈಗ ಅವನ ತಲೆ ನೆಟ್ಟಗಿತ್ತು.

ಇಷ್ಟಕ್ಕೆಲ್ಲ ಕಾರಣ ಹಿಂದಿನ ದಿನ ಗೋಡೆಗೆ ಅಂಟಿಸಿದ ಒಂದು ಕಾಗದ. ಅದನ್ನು ಬರೆದವಳು ಗೆರೆಯಕ್ಕ.

ಅವಳು ಅದೇ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿ ಫೇಲಾಗಿ, ಒಂಬತ್ತು ವರ್ಷದ ಹಿಂದೆ ಓದು ಬಿಟ್ಟು, ಅದೇ ಶಾಲೆಗೆ ನೀರು ತುಂಬಲು ಬಂದಿದ್ದಳು. ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ. ಆದರೆ ಕೈ ನೆಟ್ಟಗಿತ್ತು. ಅವಳು ಎಳೆದ ಗೆರೆ ನೂಲು ಹಿಡಿದ ಹಾಗೆ ಇರುತ್ತಿತ್ತು. ಹಾಗಾಗಿ ರಿಜಿಸ್ಟರುಗಳಿಗೆ ಗೆರೆ ಹಾಕುವ ಕೆಲಸ ಅವಳ ಪಾಲಿಗೆ ಬಂತು. ಮಕ್ಕಳು ನೋಟ್‌ಬುಕ್ಕು ತಂದು ಮುಂದೆ ಸಾಲು ನಿಂತರು. ಹೆಸರು ಗೆರೆಯಕ್ಕ ಎಂದಾಯಿತು. ತಕ್ಕಡಿಯ ಮಗಳು, ಎಂಟನೆಯ ತರಗತಿಯ ನೀಲಿ ರಿಬ್ಬನ್ನಿನ ಹುಡುಗಿ, ದಿನಾ ಬರುತ್ತಿದ್ದಳು. ಅವಳ ಗೆರೆಗಳೆಲ್ಲ ಹಾವಿನ ಹಾಗೆ ಹರಿಯುತ್ತಿದ್ದವು. "ಒಂದು ಕಣ್ಣು ಮುಚ್ಕೋಬೇಕು. ಸ್ಕೇಲಿನ ಉದ್ದಕ್ಕೂ ನೋಡ್ಬೇಕು. ಉಸಿರು ಹಿಡಿದು ಎಳೀಬೇಕು," ಎಂದು ಗೆರೆಯಕ್ಕ ಹೇಳಿಕೊಟ್ಟಿದ್ದಳು. ಯಾರಿಗಾದರೂ ಅವಳು ಪಾಠ ಅಂತ ಹೇಳಿಕೊಟ್ಟದ್ದು ಅದೊಂದೇ.

ಶಾಲೆಗೆ ಎರಡು ಕಡೆಯ ಮಕ್ಕಳು ಬರುತ್ತಿದ್ದರು: ಪೇಟೆಬೀದಿಯವರು, ಮತ್ತು ಜಲ್ಲಿ ಕ್ರಷರಿನ ಪಕ್ಕದ ತಗಡಿನ ಶೆಡ್ಡುಗಳವರು. ಗೆರೆಯಕ್ಕನೂ ಶೆಡ್ಡಿನವಳೇ, ಅಮ್ಮ ಜಲ್ಲಿ ಜರಡಿ ಹಿಡಿಯುತ್ತಿದ್ದಳು, ಅಣ್ಣ ಕಲ್ಲು ಒಡೆಯುತ್ತಿದ್ದ. ಪ್ರತಿವರ್ಷ ಮೇಲಿನ ಕಚೇರಿಗೆ ಒಂದು ನಮೂನೆ ತುಂಬಿ ಕಳಿಸಬೇಕಿತ್ತು: ಯಾವ ಬೀದಿಯ ಮಕ್ಕಳು ಎಷ್ಟು, ಅದರಲ್ಲಿ ಪಾಸಾದವರೆಷ್ಟು, ಅದರ ಕೆಳಗೆ ಪ್ರತಿ ಮಗುವಿನ ಹೆಸರು, ಅಂಕ. ಮೊದಲನೆಯ ಸಾಲು ಪೇಟೆಯದು, ಎರಡನೆಯ ಸಾಲು ಶೆಡ್ಡಿನದು. ಹನ್ನೊಂದು ವರ್ಷ ಅದನ್ನು ತುಂಬಿದವರು ಗುಮಾಸ್ತರು. ಈ ಸಲ ಅವರ ಬಲಗೈಗೆ ನಡುಕದ ಕಾಯಿಲೆ ಹತ್ತಿ, ಅವರು ಹೇಳಿದ್ದನ್ನು ಗೆರೆಯಕ್ಕ ಬರೆಯುವುದೆಂದಾಯಿತು. ಆ ವಾರ ಗುಮಾಸ್ತರು ಆಸ್ಪತ್ರೆಗೆ ಹೋದರು. ಕಳಿಸುವ ದಿನ ಬಂದೇಬಿಟ್ಟಿತು. ಅವಳು ಮೇಷ್ಟ್ರುಗಳ ಅಂಕಪಟ್ಟಿ ನೋಡಿ, ಇದ್ದದ್ದನ್ನು ಇದ್ದ ಹಾಗೆ ಇಳಿಸಿದಳು. ಎಂಟನೆಯ ತರಗತಿಯಲ್ಲಿ ಪೇಟೆಯ ಇಪ್ಪತ್ತೈದು ಮಕ್ಕಳಲ್ಲಿ ಹನ್ನೊಂದು ಪಾಸು. ಶೆಡ್ಡಿನ ಇಪ್ಪತ್ತಮೂರರಲ್ಲಿ ಹತ್ತೊಂಬತ್ತು. ಹೆಡ್ಮಾಸ್ತರು ಗೆರೆಗಳ ಅಂದ ನೋಡಿ ಸಹಿ ಹಾಕಿದರು, ಅಂಕಿ ನೋಡಲಿಲ್ಲ. ಒಂದು ಪ್ರತಿ ಅಂಚೆಗೆ ಹೋಯಿತು, ಇನ್ನೊಂದು ಗೋಡೆಗೆ.

ಹೈಸ್ಕೂಲಿನವರು ಈ ಶಾಲೆಯಿಂದ ತೆಗೆದುಕೊಳ್ಳುತ್ತಿದ್ದದ್ದು ಇಪ್ಪತ್ತೇ ಮಕ್ಕಳನ್ನು, ಅದೂ ಅಂಕದ ಪ್ರಕಾರ. ಆ ಇಪ್ಪತ್ತರಲ್ಲಿ ಹದಿನಾಲ್ಕು ಹೆಸರು ಶೆಡ್ಡಿನವು. ಪೇಟೆ ರಾತ್ರಿಯೆಲ್ಲ ಕುದಿಯಿತು.

ಮಕ್ಕಳನ್ನು ತರಗತಿಗಳಿಗೆ ತುಂಬಿ, ಬೆಂಚುಗಳನ್ನು ಬಾಗಿಲಿಗೆ ಒಡ್ಡಿ, ಗೆರೆಯಕ್ಕ ಕಚೇರಿಗೆ ಬಂದಾಗ ಹೆಡ್ಮಾಸ್ತರು ಮೇಜಿನ ಕೆಳಗಿದ್ದರು. ಅವತ್ತು ಬೆಳಿಗ್ಗೆಯಷ್ಟೇ ಆಸ್ಪತ್ರೆಯಿಂದ ಬಂದಿದ್ದ ಗುಮಾಸ್ತರು ಬೀರುವಿಗೆ ಒರಗಿಕೊಂಡು ನಿಂತಿದ್ದರು. ಅವರ ಕೈ ಬೀರುವಿನ ತಗಡಿಗೆ ತಾಗಿ ಟಕಟಕ ಎನ್ನುತ್ತಿತ್ತು.

"ಏನು ಮಾಡಿಬಿಟ್ಟೆಯಮ್ಮಾ," ಎಂದರು ಹೆಡ್ಮಾಸ್ತರು ಕೆಳಗಿನಿಂದಲೇ. "ಬರೀ ಎರಡು ಸಾಲು. ಎರಡು ಸಾಲು ಬರೆಯೋಕೆ ಹೇಳಿದ್ರೆ ಊರಿಗೇ ಬೆಂಕಿ ಇಟ್ಟೆಯಲ್ಲ."

"ಸರಿಯಾಗಿಯೇ ಬರೆದಿದೀನಿ ಸಾರ್."

"ಅದೇ ತಪ್ಪಾಗಿದ್ದು!"

ಅವಳಿಗೆ ಅರ್ಥವಾಗಲಿಲ್ಲ. ಗುಮಾಸ್ತರು ಕಣ್ಣು ತಪ್ಪಿಸಿ ಹೇಳಿದರು: "ಸಮ ಮಾಡ್ಬೇಕಿತ್ತು ಮಗಾ. ನಾನು ಹೇಳೋಕೆ ಮರೆತೆ. ಪ್ರತಿವರ್ಷ ಸಮ ಮಾಡಿ ಕಳಿಸೋದು."

"ಸಮ ಅಂದ್ರೆ?"

"ಮೇಲಿನ ಸಾಲಲ್ಲಿ ದೊಡ್ಡ ಅಂಕಿ ಇರ್ಬೇಕು. ಅಷ್ಟೇ. ಒಟ್ಟು ಸಂಖ್ಯೆ ಒಂದನ್ನೇ ತಿರುಗಿಸಿದ್ರೆ ಯಾರಾದ್ರೂ ಹಿಡಿದುಬಿಡ್ತಾರೆ ಅಂತ ಕೆಲವರ ಅಂಕನೂ ತಿರುಗಿಸ್ತಿದ್ದೆ. ಎಪ್ಪತ್ತೊಂದು ಬಂದ್ರೆ ಹದಿನೇಳು. ಹದಿನೇಳು ಬಂದ್ರೆ ಎಪ್ಪತ್ತೊಂದು. ಅಂಕಿ ಅದೇ, ಜಾಗ ಮಾತ್ರ ಬೇರೆ. ನಂಗದು ಸುಳ್ಳು ಅಂತ ಅನ್ನಿಸ್ತಾನೇ ಇರ್ಲಿಲ್ಲ."

ಹೊರಗೆ ಕಿಟಕಿಯ ಗಾಜೊಂದು ಒಡೆಯಿತು. ಗೆರೆಯಕ್ಕ ಬೀರುವಿನ ಕೆಳಗಿನ ಖಾನೆಗೆ ಕೈ ಹಾಕಿದಳು. ಯಾವ ವರ್ಷದ್ದು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಧೂಳು ಒರೆಸುವವಳು ಅವಳೇ. ಒಂಬತ್ತು ವರ್ಷದ ಹಿಂದಿನ ರಿಜಿಸ್ಟರು. ಅದರ ಬೆನ್ನಿಗೆ ದಾರದಿಂದ ಕಟ್ಟಿದ ಮೇಷ್ಟ್ರ ಕಚ್ಚಾ ಪಟ್ಟಿ.

ಮೊದಲು ತನ್ನ ಹೆಸರನ್ನೇ ಹುಡುಕಿದಳು. ಕಚ್ಚಾ ಪಟ್ಟಿಯಲ್ಲಿ ಗಣಿತಕ್ಕೆ ಇಪ್ಪತ್ತೆರಡು. ರಿಜಿಸ್ಟರಿನಲ್ಲೂ ಇಪ್ಪತ್ತೆರಡು. ಅವಳು ನಿಜವಾಗಿಯೇ ಫೇಲಾಗಿದ್ದಳು. ಇಪ್ಪತ್ತೆರಡನ್ನು ಯಾವ ಕಡೆಯಿಂದ ತಿರುಗಿಸಿದರೂ ಇಪ್ಪತ್ತೆರಡೇ.

ಎರಡು ಹೆಸರು ಕೆಳಗೆ ಕಡ್ಡಿ. ಅವಳ ಬೆಂಚಿನ ಗೆಳತಿ, ಸಣಕಲು ಮೈಯ, ಬಾಯಲ್ಲೇ ಲೆಕ್ಕ ಮಾಡುತ್ತಿದ್ದ ಕಡ್ಡಿ. ಕಚ್ಚಾ ಪಟ್ಟಿಯಲ್ಲಿ ಎಪ್ಪತ್ತೊಂದು. ರಿಜಿಸ್ಟರಿನಲ್ಲಿ ಹದಿನೇಳು. ಫೇಲು ಎಂದು ಗೊತ್ತಾದ ದಿನ ಅವಳಪ್ಪ ಅವಳನ್ನು ಹೊಡೆದು ಮಾರನೆಯ ದಿನವೇ ಕ್ರಷರಿಗೆ ಕರೆದುಕೊಂಡು ಹೋದ. ಮೂರನೆಯ ತಿಂಗಳಲ್ಲಿ ಬೆಲ್ಟು ಅವಳ ಬಲಗೈಯ ಎರಡು ಬೆರಳು ತೆಗೆದುಕೊಂಡಿತು.

"ಈಗ ಅದೆಲ್ಲ ಯಾಕೆ," ಎಂದು ಹೆಡ್ಮಾಸ್ತರು ಮೇಜಿನ ಕೆಳಗಿನಿಂದ ಹೊರಬಂದು ಒಂದು ಬಿಳಿ ಹಾಳೆ ಮುಂದಿಟ್ಟರು. "ಬರಿ. ನಕಲು ಮಾಡುವಾಗ ಸ್ಕೇಲು ಒಂದು ಗೆರೆ ಕೆಳಗೆ ಸರಿದು ಕೈ ಜಾರಿತು. ಇಷ್ಟೇ. ನಾನು ಹೊರಗೆ ಹೋಗಿ ಓದ್ತೀನಿ, ಎಲ್ರೂ ಮನೆಗೆ ಹೋಗ್ತಾರೆ. ಮೇಲಿನವರಿಗೆ ತಿದ್ದಿದ ಪಟ್ಟಿ ಕಳಿಸೋಣ."

"ಹದಿನಾಲ್ಕು ಮಕ್ಕಳು ಸಾರ್."

"ಹೊರಗೆ ನೂರು ಮಕ್ಕಳಿದಾರಮ್ಮ! ತಲೆ ಒಡೆದು ಸತ್ರೆ? ಕೈ ಜಾರಿತು ಅನ್ನು. ಯಾರ ಕೈ ಜಾರಲ್ಲ ಹೇಳು?"

ಅವಳು ಹಾಳೆ ನೋಡಿದಳು. ಅದರಲ್ಲಿ ಗೆರೆ ಇರಲಿಲ್ಲ. ಅವರ ಮಾತಿನಲ್ಲಿ ನ್ಯಾಯವಿಲ್ಲ ಎನ್ನುವಂತೆಯೂ ಇರಲಿಲ್ಲ. ಎರಡು ಹಲ್ಲು ಜೇಬಿಗಿಟ್ಟುಕೊಂಡ ಕೂಸು ಪಕ್ಕದ ಕೋಣೆಯಲ್ಲಿ ಬಿಕ್ಕುತ್ತಿದ್ದದ್ದು ಗೋಡೆ ದಾಟಿ ಕೇಳುತ್ತಿತ್ತು. ಪೆನ್ನು ತೆಗೆದುಕೊಂಡಳು. ಬರೆದೇಬಿಡುತ್ತಿದ್ದಳೋ ಏನೋ.

ಆಗ ಕ್ರಷರು ನಿಂತುಹೋಯಿತು.

ಹಗಲಿಡೀ ಗರಗರ ಎನ್ನುವ ಆ ಸದ್ದು ಊರಿನವರ ಕಿವಿಗೆ ಗಾಳಿಯ ಹಾಗೆ ಒಗ್ಗಿತ್ತು. ಅದು ನಿಂತದ್ದೇ ಕಲ್ಲೆಸೆಯುತ್ತಿದ್ದವರ ಕೈಯೂ ನಿಂತಿತು. ಎಲ್ಲರೂ ರಸ್ತೆಯ ಕೊನೆಗೆ ನೋಡಿದರು. ಯಾವುದೋ ಒಂದು ಮಗು ಒಡೆದ ತಲೆ ಹಿಡಿದುಕೊಂಡು ಹಿಂದಿನ ಗೋಡೆ ಹಾರಿ ಶೆಡ್ಡಿಗೆ ಓಡಿತ್ತು. ಈಗ ಶೆಡ್ಡು ಬರುತ್ತಿತ್ತು. ತಲೆಯಿಂದ ಕಾಲಿನವರೆಗೆ ಕಲ್ಲುಪುಡಿ ಮೆತ್ತಿ ಬೆಳ್ಳಗಾದ ನಲವತ್ತು ಐವತ್ತು ಜನ, ಕೈಯಲ್ಲಿ ಸುತ್ತಿಗೆ, ಹಾರೆ, ಸನಿಕೆ. ಮುಂದಿದ್ದವನು ಗೆರೆಯಕ್ಕನ ಅಣ್ಣ. ಹಿಂದೆ ಹೆಂಗಸರು, ಅವರ ನಡುವೆ ಮಡಿಲಲ್ಲಿ ಜಲ್ಲಿ ತುಂಬಿಕೊಂಡ ಕಡ್ಡಿ.

ಯಾರೂ ಬೈಯಲಿಲ್ಲ. ಬೈಗುಳ ಇದ್ದಿದ್ದರೆ ಚೆನ್ನಾಗಿತ್ತು. ಬೈಯುವ ಹೊತ್ತಿನಲ್ಲಿ ಯಾರಾದರೂ ಬಿಡಿಸಬಹುದಿತ್ತು. ಅಣ್ಣನ ಹಾರೆ ಟೈಲರನ ಮಂಡಿಗೆ ಬಿತ್ತು. ಒಣ ಸೌದೆ ಮುರಿದ ಸದ್ದು. ಟೈಲರು ಬಿದ್ದಲ್ಲಿಂದಲೇ ಅಣ್ಣನ ಕಾಲು ಕಚ್ಚಿದ. ಪೇಟೆಯವರು ಅಂಗಡಿಗಳ ಬಾಗಿಲು ಎಳೆಯುವ ಕಬ್ಬಿಣದ ಕೊಕ್ಕೆಗಳನ್ನು ತಂದಿದ್ದರು. ಒಂದು ಕೊಕ್ಕೆ ಕ್ರಷರಿನ ಲಾರಿ ಡ್ರೈವರನ ಕೆನ್ನೆಗೆ ಸಿಕ್ಕಿ ಬಾಯಿಯವರೆಗೆ ಸೀಳಿತು. ಅವನು ಸೀಳಿದ ಕೆನ್ನೆಯನ್ನು ಎಡಗೈಯಲ್ಲಿ ಒತ್ತಿಹಿಡಿದು ಬಲಗೈಯಲ್ಲಿ ಹೊಡೆಯುತ್ತಲೇ ಇದ್ದ. ಬೆಳ್ಳಗಿದ್ದವರ ಮೈಮೇಲೆ ರಕ್ತ ಎದ್ದು ಕಾಣುತ್ತಿತ್ತು. ಪೇಟೆಯವರ ಮೈಮೇಲೆ ಅಂಗಿಯ ಬಣ್ಣಗಳಲ್ಲಿ ಅಡಗುತ್ತಿತ್ತು. ಸ್ವಲ್ಪ ಹೊತ್ತಿಗೆ ಧೂಳೆದ್ದು ಎಲ್ಲರೂ ಒಂದೇ ಬಣ್ಣವಾದರು. ಯಾವ ಸಾಲಿನವರು ಯಾರು ಎಂದು ಹೊಡೆದವರಿಗೂ ಗೊತ್ತಾಗಲಿಲ್ಲ. ಕಿಟಕಿಯ ಸರಳುಗಳ ಹಿಂದೆ ನಿಂತ ಮಕ್ಕಳು ತಂತಮ್ಮ ಅಪ್ಪಂದಿರನ್ನು ಕೂಗುತ್ತಿದ್ದವು. ಅಪ್ಪಾ ಎಂಬುದು ಎರಡು ಕಡೆಯೂ ಒಂದೇ ಮಾತಾದ್ದರಿಂದ ಯಾವ ಅಪ್ಪನೂ ತಿರುಗಲಿಲ್ಲ.

ತಕ್ಕಡಿ ಜಗಳಕ್ಕೆ ಇಳಿಯಲಿಲ್ಲ. ಹಾಲಿನವನನ್ನು ಕರೆದುಕೊಂಡು ಹಿಂಬಾಗಿಲಿನಿಂದ ಕಚೇರಿಗೆ ಬಂದ. ಅವನನ್ನು ನೋಡಿದ್ದೇ ಹೆಡ್ಮಾಸ್ತರು ಗೋಡೆಗೆ ಅಂಟಿಕೊಂಡರು.

"ಏನಮ್ಮ ಗೆರೆಯಕ್ಕ," ಎಂದ ಅವನು, ತಲೆ ವಾಲಿಸಿ, ಮಂಡಿಗೆ ಬಂದ ಗಿರಾಕಿಯನ್ನು ಮಾತಾಡಿಸುವ ಹಾಗೆ. "ನಮ್ಮ ಮಗಳಿಗೆ ಹದಿನೆಂಟಂತೆ. ಎಂಬತ್ತೊಂದಲ್ವಾ ಅದು?"

ಅವಳು ಪೆನ್ನನ್ನು ಹಾಳೆಯ ಪಕ್ಕಕ್ಕಿಟ್ಟಳು.

"ನನ್ನ ದೊಡ್ಡ ಮಗಳಿಗೆ ಎಂಬತ್ತಮೂರು ಬಂದಿತ್ತು. ಅವಳಿಗೆ ಮೂವತ್ತೆಂಟನ್ನ ಎಣಿಸೋಕೂ ಬರ್ತಿರ್ಲಿಲ್ಲ. ಈ ಗುಮಾಸ್ತರ ಪುಣ್ಯ. ನೀನು ಮಾತ್ರ ಯಾಕಮ್ಮ ಇಷ್ಟು ಜಾಣೆ? ಬರೆದುಕೊಟ್ಯಾ?" ಹಾಳೆ ನೋಡಿದ. ಖಾಲಿ. "ಪಾಪ, ಕೈ ನೋಯ್ತಿರ್ಬೇಕು. ಯಾವ ಕೈ ಜಾರಿದ್ದು? ಇದಾ?"

ಅವಳ ಎಡಗೈಯನ್ನು ಹಿಡಿದು, ಬೀರುವಿನ ಚೌಕಟ್ಟಿನ ಮೇಲಿಟ್ಟು, ಬಾಗಿಲನ್ನು ಒದ್ದ.

ನೋವು ಆಮೇಲೆ ಬಂತು. ಮೊದಲು ಬಂದದ್ದು ಬೆಳಕು. ಕಣ್ಣ ಮುಂದೆ ಬೆಳ್ಳಗಾಯಿತು. ಕಡ್ಡಿಗೂ ಹೀಗೇ ಆಗಿರಬೇಕು ಎಂದುಕೊಂಡಳು. ಬಾಗಿಲು ತೆರೆದಾಗ ನಡುವಿನ ಮೂರು ಬೆರಳುಗಳು ಬೇರೆ ಯಾರದೋ ಬೆರಳುಗಳ ಹಾಗೆ ನೇತಾಡಿದವು.

"ಹೇಳು. ಕೈ ಜಾರಿತು."

"ಬಿಡಿ ಸ್ವಾಮಿ, ಹುಡುಗಿ ಅದು," ಎಂದು ಗುಮಾಸ್ತರು ಅಳುತ್ತ ಅಡ್ಡ ಬಂದರು. ಹಾಲಿನವನು ಅವರನ್ನು ಒಂದೇ ಕೈಯಲ್ಲಿ ತಳ್ಳಿ ಕೂರಿಸಿದ. "ಬಾಯಿ ಬಿಡಲ್ಲ ಯಜಮಾನ್ರೇ ಇದು. ಕಾಗದಾನೇ ಇಲ್ದಿದ್ರೆ ಇವಳ ಬಾಯಿ ಯಾಕೆ ಬೇಕು?" ಎಂದು, ಟೀ ಕಾಯಿಸುವ ಸ್ಟೌವಿನ ಮುಚ್ಚಳ ತಿರುಗಿಸಿ, ಮೇಜಿನ ಮೇಲಿದ್ದ ಉತ್ತರ ಪತ್ರಿಕೆಗಳ ಕಟ್ಟಿನ ಮೇಲೆ ಸೀಮೆಎಣ್ಣೆ ಸುರಿದ. ನಲವತ್ತೆಂಟು ಮಕ್ಕಳ ಗಣಿತ. ಮೇಲಿನ ಹಾಳೆಯ ಶಾಯಿ ಕದಡಿ ನೀಲಿಯಾಗಿ ಹರಿಯಿತು. ತಕ್ಕಡಿ ಬೆಂಕಿಪೊಟ್ಟಣ ತೆಗೆದು, ಅದನ್ನು ಹಿಡಿದ ಬಲಗೈಯನ್ನು ಮೇಜಿನ ಮೇಲಿಟ್ಟು, ಬೆಂಕಿಕಡ್ಡಿಯೊಂದನ್ನು ಹೆಕ್ಕಲು ಬಗ್ಗಿದ.

ಗೆರೆಯಕ್ಕ ಸೊಂಟದಿಂದ ಸುತ್ತಿಗೆ ತೆಗೆದಳು. ಒಂದು ಕಣ್ಣು ಮುಚ್ಚಿದಳು. ಉಸಿರು ಹಿಡಿದಳು.

ಮೊದಲನೆಯ ಪೆಟ್ಟಿಗೇ ಬೆಂಕಿಪೊಟ್ಟಣವೂ ಅದರಡಿಯ ಅಂಗೈಯೂ ಒಡೆದವು. ಎರಡನೆಯದು ಬೇಕಿರಲಿಲ್ಲ. ಅವಳು ಹೊಡೆದಳು. ಮಣಿಕಟ್ಟಿಗೆ ಬಿತ್ತು. ಮೂರನೆಯದನ್ನು ಎತ್ತಿದಾಗ ಗುಮಾಸ್ತರು ಎರಡೂ ಕೈಗಳಿಂದ ಅವಳ ತೋಳಿಗೆ ಜೋತುಬಿದ್ದರು. ತಕ್ಕಡಿ ಕೂಗಿದ ಕೂಗು ಅಂಗಳ ದಾಟಿ ರಸ್ತೆಗೆ ಹೋಯಿತು. ಹಾರೆ ಎತ್ತಿದವರು ಎತ್ತಿದಲ್ಲೇ ನಿಂತರು. ಹಾಲಿನವನು ಹಿಂಬಾಗಿಲಿನಿಂದ ಓಡಿದ್ದನ್ನು ಯಾರೂ ನೋಡಲಿಲ್ಲ.

ಗೆರೆಯಕ್ಕ ತಕ್ಕಡಿಯ ಮುಖ ನೋಡಿ, ಅವತ್ತು ಎಲ್ಲರೂ ಅವಳಿಂದ ಬೇಡಿದ ಮಾತನ್ನು ಹೇಳಿದಳು.

"ಕೈ ಜಾರಿತು."

ಪೊಲೀಸ್ ವ್ಯಾನು ಬರುವ ಹೊತ್ತಿಗೆ ಜಗಳ ತಾನಾಗಿಯೇ ಸತ್ತಿತ್ತು. ಗಾಯಗೊಂಡವರು ಜಗಲಿಯ ಮೇಲೆ ಸಾಲಾಗಿ ಕೂತಿದ್ದರು, ಪೇಟೆ ಒಂದು ಕಡೆ, ಶೆಡ್ಡು ಒಂದು ಕಡೆ. ಇನ್ಸ್‌ಪೆಕ್ಟರು ಮೂಗು ಮುಚ್ಚಿಕೊಂಡು ಸೀಮೆಎಣ್ಣೆಯೂ ರಕ್ತವೂ ಕುಡಿದ ಆ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿಸಿದರು. ರಿಜಿಸ್ಟರು, ಅಂಕಪಟ್ಟಿ, ಸುತ್ತಿಗೆ ಎಲ್ಲಕ್ಕೂ ಅರಗು ಹಾಕಿ ಮೊಹರು ಒತ್ತಿದರು.

"ಸಾರ್, ಅದರಲ್ಲಿ ಸ್ವಲ್ಪ ತಿದ್ದೋದಿತ್ತು," ಎಂದರು ಹೆಡ್ಮಾಸ್ತರು ಮೆಲ್ಲಗೆ. "ಅಸಲು ಕಾಗದ ಇಲ್ದೆ ಮೇಲಿನವರು ತಿದ್ದುಪಡಿ ತಗೊಳಲ್ಲ."

"ಇದು ಸಾಕ್ಷಿ ಕಣ್ರೀ. ಕೇಸು ಮುಗಿಯೋ ತನಕ ಒಂದು ಚುಕ್ಕೆ ಮುಟ್ಟೋ ಹಾಗಿಲ್ಲ."

"ಕೇಸು ಯಾವಾಗ ಮುಗಿಯುತ್ತೆ ಸಾರ್?"

"ಈ ಮಕ್ಕಳಿಗೆ ಮದುವೆ ಆಗ್ಲಿ, ಆಮೇಲೆ ನೋಡೋಣ."

ಗೋಡೆಯ ಮೇಲಿನ ಪಟ್ಟಿಯನ್ನು ಯಾರೋ ಹರಿದಿದ್ದರು. ಅಂಚೆಗೆ ಹೋದದ್ದು ಹೋಗಿತ್ತು. ಹದಿನಾಲ್ಕು ಹೆಸರು, ಅವುಗಳ ಜಾಗದಲ್ಲಿ.

ಗೆರೆಯಕ್ಕನನ್ನು ಇಬ್ಬರು ಹೆಂಗಸು ಪೊಲೀಸರು ವ್ಯಾನಿನ ಕಡೆ ನಡೆಸಿದರು. ಎಡಗೈಗೆ ಯಾರದೋ ಸಮವಸ್ತ್ರದ ಟೈ ಸುತ್ತಿತ್ತು. ಗೇಟಿನ ಹತ್ತಿರ ಕಡ್ಡಿ ನಿಂತಿದ್ದಳು. ಅವಳ ಮಡಿಲು ಖಾಲಿಯಾಗಿತ್ತು.

"ಏನೇ, ನೀನಾ ಹೊಡೆದಿದ್ದು? ನೀನಾ?"

"ನಿಂಗೆ ಎಪ್ಪತ್ತೊಂದು ಬಂದಿತ್ತು ಕಣೇ," ಎಂದಳು ಗೆರೆಯಕ್ಕ.

"ಯಾವುದರಲ್ಲಿ?"

"ಗಣಿತದಲ್ಲಿ. ಎಂಟನೇ ಕ್ಲಾಸಲ್ಲಿ. ಹದಿನೇಳಲ್ಲ."

ಬಾಯಲ್ಲಿ ಏನೋ ಲೆಕ್ಕ ಮಾಡುವ ಹಾಗೆ ಕಡ್ಡಿಯ ತುಟಿ ಅಲ್ಲಾಡಿತು. ಆಮೇಲೆ ಮೂರು ಬೆರಳಿನ ಕೈಯಿಂದ ಮುಖ ಮುಚ್ಚಿಕೊಂಡು, ಬೆನ್ನು ತಿರುಗಿಸಿದಳು.

ವ್ಯಾನಿನ ಮೆಟ್ಟಿಲಿಗೆ ಕಾಲಿಟ್ಟಾಗ ಗೆರೆಯಕ್ಕನಿಗೆ ರಸ್ತೆಯ ಆಚೆ ನೀಲಿ ರಿಬ್ಬನ್ನು ಕಂಡಿತು. ಅಪ್ಪನನ್ನು ಆಸ್ಪತ್ರೆಗೆ ಸಾಗಿಸಿದ ಗಾಡಿ ಹೋದ ಜಾಗದಲ್ಲೇ ತಕ್ಕಡಿಯ ಮಗಳು ಒಬ್ಬಳೇ ನಿಂತಿದ್ದಳು. ಅಳುತ್ತಿರಲಿಲ್ಲ. ಅವಳ ಕೈಯಲ್ಲಿ ಕೋಳಿಮೊಟ್ಟೆಯ ಗಾತ್ರದ ಕಲ್ಲಿತ್ತು. ಹೆಂಗಸು ಪೊಲೀಸರು ಬೇರೆ ಕಡೆ ನೋಡುತ್ತಿದ್ದರು.

ತಲೆ ಬಗ್ಗಿಸಿಕೊಳ್ಳಬಹುದಿತ್ತು. ಅಷ್ಟು ಹೊತ್ತಿತ್ತು. ಆದರೆ ಗೆರೆಯಕ್ಕ ನೋಡುತ್ತ ನಿಂತಳು. ಹುಡುಗಿ ಒಂದು ಕಣ್ಣು ಮುಚ್ಚಿದಳು. ಉಸಿರು ಹಿಡಿದಳು.

ಕಲ್ಲು ಹುಬ್ಬಿನ ಮೇಲೆ ಬಿತ್ತು, ನೆಟ್ಟಗೆ, ಒಂದು ಗೆರೆಯಷ್ಟೂ ಆಚೀಚೆಯಾಗದೆ.